ಒಂದು ಚಿಪ್ ಕೆಟ್ಟರೆ ನಷ್ಟ ಯಾರ ಹೆಗಲಿಗೆ?

2025ರ ಆಗಸ್ಟ್‌ನಲ್ಲಿ ಅಮೆರಿಕದ ಬ್ಲಾಕ್ ಸಂಸ್ಥೆ ಬಿಟ್‌ಕಾಯಿನ್ ಗಣಿಗಾರಿಕೆಗೆಂದು ‘ಪ್ರೊಟೊ ರಿಗ್’ ಎಂಬ ಹೊಸ ಯಂತ್ರವನ್ನು ಅನಾವರಣಗೊಳಿಸಿತು. ಟ್ವಿಟರ್‌ನ ಸಹಸಂಸ್ಥಾಪಕ ಜ್ಯಾಕ್ ಡಾರ್ಸಿ ಮುನ್ನಡೆಸುವ ಈ ಸಂಸ್ಥೆ ಯಂತ್ರದ ವೇಗದಷ್ಟೇ ಒತ್ತು ಕೊಟ್ಟು ಹೇಳಿಕೊಂಡ ಸಂಗತಿ ಇನ್ನೊಂದಿತ್ತು. ಕೆಟ್ಟ ಭಾಗವನ್ನು ಯಾವ ಸಲಕರಣೆಯೂ ಇಲ್ಲದೆ ಕ್ಷಣಗಳಲ್ಲಿ ಕಳಚಿ ಬದಲಿಸಬಹುದು, ಯಂತ್ರದ ಚೌಕಟ್ಟು ಹತ್ತು ವರ್ಷ ಬಾಳಬೇಕೆಂಬ ಉದ್ದೇಶದಿಂದ ರೂಪುಗೊಂಡಿದೆ ಎಂಬುದೇ ಆ ಸಂಗತಿ. ಮಿಕ್ಸಿ ಕೊಳ್ಳುವ ಗೃಹಿಣಿ, ಪಂಪ್‌ಸೆಟ್ ಕೊಳ್ಳುವ ರೈತ ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ‘ಕೆಟ್ಟರೆ ರಿಪೇರಿ ಆಗುತ್ತದೆಯೇ?’ ಎಂಬುದು. ಶತಕೋಟಿ ಡಾಲರ್‌ಗಳ ಉದ್ಯಮವೊಂದರಲ್ಲಿ ಅದೇ ಪ್ರಶ್ನೆಗೆ ಉತ್ತರ ಕೊಡುವುದು ಜಾಹೀರಾತಿನ ಮುಖ್ಯ ಅಂಶವಾಯಿತೆಂದರೆ, ಆ ಉದ್ಯಮ ಅಷ್ಟು ಕಾಲ ಆ ಪ್ರಶ್ನೆಯಿಂದ ನುಣುಚಿಕೊಂಡಿತ್ತು ಎಂದೇ ಅರ್ಥ.

ಕ್ರಿಪ್ಟೊ ಹಣದ ಬಗೆಗಿನ ಚರ್ಚೆ ಸಾಮಾನ್ಯವಾಗಿ ಅದರ ಬೆಲೆಯ ಏರಿಳಿತ, ವಂಚನೆ ಮತ್ತು ತೆರಿಗೆಗಳ ಸುತ್ತ ತಿರುಗುತ್ತದೆ. ಆ ಹಣವನ್ನು ಹುಟ್ಟಿಸುವ ಯಂತ್ರಗಳತ್ತ ಯಾರ ಗಮನವೂ ಹರಿಯುವುದಿಲ್ಲ. ಆದರೆ ಈ ವ್ಯವಹಾರದಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದು ಅನೇಕ ಬಾರಿ ತೀರ್ಮಾನವಾಗುವುದು ಯಂತ್ರದೊಳಗಿನ, ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಚಿಪ್‌ನಲ್ಲಿ.

ಸರಪಳಿಯ ದುರ್ಬಲ ಕೊಂಡಿ

ಬಿಟ್‌ಕಾಯಿನ್ ಗಣಿಗಾರಿಕೆ ಎಂದರೆ ಒಂದು ಬಗೆಯ ಲೆಕ್ಕದ ಪಂದ್ಯ. ಜಗತ್ತಿನಾದ್ಯಂತ ಯಂತ್ರಗಳು ಒಂದೇ ಒಗಟಿಗೆ ಉತ್ತರ ಹುಡುಕುತ್ತಿರುತ್ತವೆ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಒಬ್ಬರಿಗೆ ಉತ್ತರ ಸಿಗುತ್ತದೆ. ಅವರಿಗೆ ಹೊಸ ಬಿಟ್‌ಕಾಯಿನ್‌ಗಳು ಬಹುಮಾನವಾಗಿ ಬರುತ್ತವೆ. 2024ರ ಏಪ್ರಿಲ್ 20ರಂದು ಈ ಬಹುಮಾನ 6.25ರಿಂದ 3.125 ಬಿಟ್‌ಕಾಯಿನ್‌ಗೆ ಇಳಿಯಿತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಹೀಗೆ ಅರ್ಧವಾಗುತ್ತದೆ. ಈ ಪಂದ್ಯದಲ್ಲಿ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಈಗ ಜಾಗವಿಲ್ಲ. ಈ ಒಂದೇ ಲೆಕ್ಕವನ್ನು ಮಾಡಲು, ಬೇರೇನನ್ನೂ ಮಾಡಲಾಗದಂತೆ ವಿನ್ಯಾಸಗೊಂಡ ವಿಶೇಷ ಚಿಪ್‌ಗಳೇ ಬೇಕು.

ಚೀನಾದ ಬಿಟ್‌ಮೈನ್ ಸಂಸ್ಥೆ 2020ರಲ್ಲಿ ಮಾರುಕಟ್ಟೆಗೆ ತಂದ ‘ಆಂಟ್‌ಮೈನರ್ ಎಸ್ 19 ಪ್ರೊ’ ಇಂತಹ ಯಂತ್ರಗಳಿಗೆ ಒಳ್ಳೆಯ ಮಾದರಿ. ಅದರಲ್ಲಿ ಮೂರು ಫಲಕಗಳಿವೆ. ಪ್ರತಿ ಫಲಕದಲ್ಲಿ 114 ಚಿಪ್‌ಗಳು, ಒಟ್ಟು 342. ಯಂತ್ರ ಎಳೆಯುವ ವಿದ್ಯುತ್ 3,250 ವಾಟ್, ಅಂದರೆ ಮೂರು ರೂಮ್ ಹೀಟರ್‌ಗಳಿಗೂ ಹೆಚ್ಚು. ಅಷ್ಟೂ ಶಾಖವನ್ನು ಫ್ಯಾನ್‌ಗಳು ಹಗಲಿರುಳೂ ಹೊರದೂಡುತ್ತಿರಬೇಕು.

ಈ 114 ಚಿಪ್‌ಗಳು ಪ್ರತ್ಯೇಕವಾಗಿ ದುಡಿಯುತ್ತವೆಯಾದರೂ ಪ್ರತ್ಯೇಕವಾಗಿ ಬದುಕುವುದಿಲ್ಲ. ನಿಯಂತ್ರಕದ ಆದೇಶ ಮೊದಲನೆಯ ಚಿಪ್‌ಗೆ ಬಂದು, ಅದರಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ ದಾಟುತ್ತಾ ಕೊನೆಯವರೆಗೆ ಹೋಗುತ್ತದೆ. ಉತ್ತರವೂ ಅದೇ ಹಾದಿಯಲ್ಲಿ ಹಿಂದಿರುಗುತ್ತದೆ. ವಿದ್ಯುತ್ ಪೂರೈಕೆಯೂ ಹೀಗೆಯೇ. ಮೂರು ಮೂರು ಚಿಪ್‌ಗಳ 38 ಗುಂಪುಗಳು ಸಾಲಾಗಿ ಒಂದರ ಹಿಂದೊಂದು ಜೋಡಣೆಗೊಂಡಿವೆ. ಗಣೇಶನ ಹಬ್ಬದ ಮಂಟಪಕ್ಕೆ ಕಟ್ಟುವ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಸಾಲೇ ಕತ್ತಲಾಗುವುದನ್ನು ಕಂಡವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ನಡುವಿನ ಒಂದು ಚಿಪ್ ಆದೇಶವನ್ನು ಮುಂದಕ್ಕೆ ದಾಟಿಸದಿದ್ದರೆ ಅದರಾಚೆಗಿನ ಚಿಪ್‌ಗಳೆಲ್ಲ ನಿಯಂತ್ರಕದ ಪಾಲಿಗೆ ಇಲ್ಲದಂತೆಯೇ. ಎಣಿಕೆ ತಾಳೆಯಾಗದಿದ್ದರೆ ನಿಯಂತ್ರಕ ಸಾಮಾನ್ಯವಾಗಿ ಇಡೀ ಫಲಕವನ್ನೇ ಕೈಬಿಡುತ್ತದೆ. ಒಂದರ ತಪ್ಪಿಗೆ 113 ನಿರ್ದೋಷಿ ಚಿಪ್‌ಗಳು ಸುಮ್ಮನೆ ಕೂರುತ್ತವೆ. ಯಂತ್ರದ ಸಾಮರ್ಥ್ಯದಲ್ಲಿ ಮೂರನೇ ಒಂದು ಪಾಲು ಒಮ್ಮೆಲೇ ಇಲ್ಲವಾಗುತ್ತದೆ.

ಇಲ್ಲೊಂದು ವಿಪರ್ಯಾಸವಿದೆ. ಗಣಿಗಾರಿಕೆಯ ಲೆಕ್ಕ ತಪ್ಪನ್ನು ಸಹಿಸಿಕೊಳ್ಳುತ್ತದೆ. ಬ್ಯಾಂಕಿನ ಕಂಪ್ಯೂಟರ್ ಒಂದು ಅಂಕಿ ತಪ್ಪಿದರೆ ಅನಾಹುತವಾದೀತು. ಇಲ್ಲಿ ಚಿಪ್ ಆಗಾಗ ತಪ್ಪು ಉತ್ತರ ಕೊಟ್ಟರೆ ಪರಿಶೀಲನೆಯಲ್ಲಿ ಅದು ತಿರಸ್ಕೃತವಾಗುತ್ತದೆ, ಕೆಲಸ ಮುಂದುವರಿಯುತ್ತದೆ. ಆದ್ದರಿಂದಲೇ ಚಿಪ್‌ನ ಒಳಗಿನ ಕೆಲವು ಘಟಕಗಳು ದುರ್ಬಲವಾಗಿದ್ದರೂ ಅದನ್ನು ಬಳಸಬಹುದು. ಲೆಕ್ಕದಲ್ಲಿ ಇಷ್ಟೊಂದು ಔದಾರ್ಯವುಳ್ಳ ಕೆಲಸಕ್ಕೆ, ಒಂದು ಕೊಂಡಿ ಕಳಚಿದರೂ ಕ್ಷಮಿಸದ ಜೋಡಣೆ ಬಂದದ್ದು ಉಳಿತಾಯದ ಕಾರಣದಿಂದ. ಪ್ರತಿ ಚಿಪ್‌ಗೂ ಬೇರೆ ಬೇರೆ ಸಂಪರ್ಕ, ಬೇರೆ ಬೇರೆ ವಿದ್ಯುತ್ ನಿಯಂತ್ರಣ ಕೊಟ್ಟರೆ ಯಂತ್ರದ ಬೆಲೆ ಏರುತ್ತದೆ, ವಿದ್ಯುತ್ತೂ ಪೋಲಾಗುತ್ತದೆ. ಸರಪಳಿಯ ಜೋಡಣೆ ಅಗ್ಗ. ಆ ಅಗ್ಗದ ಲಾಭ ಮಾರಾಟದ ದಿನವೇ ಕೈಸೇರುತ್ತದೆ. ಅದರ ಬೆಲೆಯನ್ನು ಯಂತ್ರ ಕೆಟ್ಟ ದಿನ ಕೊಂಡವನು ತೆರುತ್ತಾನೆ.

ದೋಷ ಹುಡುಕುವ ಬಗೆ

ಚಿಪ್ ಕೆಡಲು ಕಾರಣಗಳು ಹಲವು. ಕಾದು ತಣ್ಣಗಾಗುವ ಸತತ ಚಕ್ರದಲ್ಲಿ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ. ದೂಳು ಮತ್ತು ತೇವ ಸೇರಿ ಫಲಕದ ಮೇಲೆ ತುಕ್ಕು ಹತ್ತುತ್ತದೆ. ಹೆಚ್ಚು ಆದಾಯದ ಆಸೆಯಿಂದ ಮಾಲೀಕರೇ ಯಂತ್ರವನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದೂ ಉಂಟು. ಶಾಖ ಹೀರುವ ಲೋಹದ ರೆಕ್ಕೆ ಕಳಚಿದರೆ ಅದರಡಿಯ ಚಿಪ್ ಕೆಲವೇ ಹೊತ್ತಿನಲ್ಲಿ ಸುಟ್ಟುಹೋಗಬಹುದು.

ದುರಸ್ತಿಗಾರನ ಎದುರಿರುವ ಮೊದಲ ಸವಾಲು ನೂರಕ್ಕೂ ಹೆಚ್ಚು ಒಂದೇ ರೂಪದ ಚಿಪ್‌ಗಳಲ್ಲಿ ಅಪರಾಧಿ ಯಾವುದೆಂದು ಕಂಡುಹಿಡಿಯುವುದು. ಇದಕ್ಕೆ ಬಳಕೆಯಲ್ಲಿರುವ ಉಪಾಯ ಬಹು ಸರಳ. ಫಲಕವನ್ನು ಪರೀಕ್ಷಾ ಸಾಧನಕ್ಕೆ ಜೋಡಿಸಿ, ಸಾಲಿನ ನಡುವಿನ ಒಂದು ಬಿಂದುವಿನಲ್ಲಿ ಸಂಕೇತದ ಹಾದಿಯನ್ನು ಕೃತಕವಾಗಿ ಮೊಟಕುಗೊಳಿಸಲಾಗುತ್ತದೆ. 57ನೆಯ ಚಿಪ್‌ನ ಬಳಿ ಹೀಗೆ ಮಾಡಿದಾಗ ಸಾಧನ 57 ಚಿಪ್‌ಗಳನ್ನು ಎಣಿಸಿದರೆ ಮೊದಲರ್ಧ ಸರಿಯಿದೆ, ದೋಷ ಉಳಿದರ್ಧದಲ್ಲಿದೆ ಎಂದಾಯಿತು. ಎಣಿಸದಿದ್ದರೆ ದೋಷ ಮೊದಲರ್ಧದಲ್ಲೇ ಇದೆ. ಮತ್ತೆ ಆ ಅರ್ಧವನ್ನು ಅರ್ಧ ಮಾಡಬೇಕು. ಹೀಗೆ ಏಳು ಬಾರಿ ಮಾಡುವಷ್ಟರಲ್ಲಿ 114ರಲ್ಲಿ ಕೆಟ್ಟದ್ದು ಒಂದೇ ಆಗಿದ್ದರೆ ಸಿಕ್ಕಿಬೀಳುತ್ತದೆ.

ಆನಂತರದ್ದು ಕೈಚಳಕದ ಕೆಲಸ. ಬಿಸಿಗಾಳಿಯ ಸಾಧನದಿಂದ ಶಾಖದ ರೆಕ್ಕೆಯನ್ನೂ ಚಿಪ್ಪನ್ನೂ ಎಬ್ಬಿಸಬೇಕು. ಹಳೆಯ ಸೀಸವನ್ನು ತೆಗೆದು ಜಾಗವನ್ನು ಶುಚಿಗೊಳಿಸಬೇಕು. ಹೊಸ ಚಿಪ್ಪನ್ನು ಅದರ ಕಾಲುಗಳು ಒಂದಿನಿತೂ ಅತ್ತಿತ್ತ ಸರಿಯದಂತೆ ಕೂರಿಸಬೇಕು. ಶಾಖ ಹೆಚ್ಚಾದರೆ ಪಕ್ಕದ ಚಿಪ್‌ಗಳ ಬೆಸುಗೆ ಸಡಿಲಗೊಂಡು ಒಂದಿದ್ದ ದೋಷ ಮೂರಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಲ್ಯಾಪ್‌ಟಾಪ್, ಮೊಬೈಲ್‌ಗಳ ‘ಚಿಪ್ ಲೆವೆಲ್’ ದುರಸ್ತಿ ಮಾಡುವವರಿಗೆ ಈ ವಿದ್ಯೆ ಹೊಸದಲ್ಲ. ಕೌಶಲದ ಕೊರತೆ ಇಲ್ಲಿನ ಮುಖ್ಯ ಅಡ್ಡಿಯಲ್ಲ. ಅಡ್ಡಿ ಇರುವುದು ಬಿಡಿಭಾಗದ ಲಭ್ಯತೆಯಲ್ಲಿ. ಒಂದು ತಯಾರಕನ ಚಿಪ್ ಇನ್ನೊಬ್ಬನ ಯಂತ್ರಕ್ಕೆ ಹೊಂದುವುದಿಲ್ಲ. ಅದೇ ತಯಾರಕನ ಒಂದು ಪೀಳಿಗೆಯ ಚಿಪ್ ಸಾಮಾನ್ಯವಾಗಿ ಮತ್ತೊಂದು ಪೀಳಿಗೆಯ ಯಂತ್ರಕ್ಕೆ ಹೊಂದುವುದಿಲ್ಲ. ಹೀಗಾಗಿ ಜಗತ್ತಿನ ಅನೇಕ ದುರಸ್ತಿ ಕೇಂದ್ರಗಳು ಪೂರ್ಣವಾಗಿ ಕೆಟ್ಟ ಫಲಕಗಳಿಂದ ಒಳ್ಳೆಯ ಚಿಪ್‌ಗಳನ್ನು ಕಳಚಿ ಬೇರೆ ಫಲಕಗಳಿಗೆ ಜೀವ ಕೊಡುತ್ತವೆ.

ಬಿಟ್‌ಮೈನ್ ಸಂಸ್ಥೆ ತನ್ನ ಹಲವು ಮಾದರಿಗಳಿಗೆ ದುರಸ್ತಿ ಕೈಪಿಡಿಗಳನ್ನು ಪ್ರಕಟಿಸಿದೆ, ತಂತ್ರಜ್ಞರಿಗೆ ತರಬೇತಿಯನ್ನೂ ನೀಡಿದೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಮೊಬೈಲ್ ತಯಾರಕರಲ್ಲಿ ಎಷ್ಟೋ ಮಂದಿ ಅಷ್ಟನ್ನೂ ಮಾಡಿದವರಲ್ಲ. ಆದರೆ ಕೈಪಿಡಿಯ ನೆರವು ದೊರೆಯುವುದು ದೋಷ ಸಂಭವಿಸಿದ ಮೇಲೆ. ದೋಷದ ಹೊಣೆ ಯಾರದೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಎಸ್ 17ರ ಪಾಠ

ಈ ಹೊಣೆಯ ಪ್ರಶ್ನೆ ತೀವ್ರವಾಗಿ ಎದ್ದುನಿಂತದ್ದು 2020ರಲ್ಲಿ. ಹಿಂದಿನ ವರ್ಷ ಬಿಟ್‌ಮೈನ್ ಬಿಡುಗಡೆ ಮಾಡಿದ್ದ ‘ಎಸ್ 17’ ಮತ್ತು ‘ಟಿ 17’ ಸರಣಿಯ ಯಂತ್ರಗಳಲ್ಲಿ ಪ್ರತಿ ಚಿಪ್‌ನ ಮೇಲೂ ಬಿಡಿಬಿಡಿಯಾದ ಶಾಖದ ರೆಕ್ಕೆಗಳನ್ನು ಬೆಸೆಯಲಾಗಿತ್ತು. ಈ ರೆಕ್ಕೆಗಳು ಕಳಚಿ ಬೀಳುತ್ತಿವೆ, ಬಿದ್ದದ್ದು ಅಕ್ಕಪಕ್ಕದ ಭಾಗಗಳಿಗೆ ತಾಗಿ ಷಾರ್ಟ್ ಆಗಿ ಇಡೀ ಫಲಕವೇ ಹಾಳಾಗುತ್ತಿದೆ ಎಂಬ ದೂರುಗಳು ಹಲವು ದೇಶಗಳಿಂದ ಬಂದವು. ತಾವು ಕೊಂಡ ಯಂತ್ರಗಳಲ್ಲಿ ಶೇ 20ರಿಂದ 30ರಷ್ಟು ಕೈಕೊಟ್ಟಿವೆ ಎಂದು ಕೆಲವು ದೊಡ್ಡ ಗ್ರಾಹಕರು ದೂರಿದರು. ಆ ಪೀಳಿಗೆಯ ಯಂತ್ರಗಳಿಗಿದ್ದ ಖಾತರಿ ಅವಧಿ ಕೇವಲ 180 ದಿನ.

ಅದೇ ಸಮಯದಲ್ಲಿ ಸಂಸ್ಥೆಯ ಇಬ್ಬರು ಸ್ಥಾಪಕರಾದ ಜಿಹಾನ್ ವು ಮತ್ತು ಮೈಕ್ರೀ ಜಾನ್ ಅಧಿಕಾರಕ್ಕಾಗಿ ಬಹಿರಂಗವಾಗಿ ಕಾದಾಡುತ್ತಿದ್ದರು. 2019ರ ಅಕ್ಟೋಬರ್‌ನಲ್ಲಿ ಆರಂಭವಾದ ಆ ಕಲಹ ಜಿಹಾನ್ ವು 2021ರ ಜನವರಿಯಲ್ಲಿ ಹೊರನಡೆಯುವವರೆಗೂ ಮುಂದುವರಿಯಿತು. ಗ್ರಾಹಕರ ದೂರುಗಳಿಗೆ ಅದಕ್ಕಿಂತ ಅನನುಕೂಲಕರ ಕಾಲ ಇನ್ನೊಂದಿರಲಿಲ್ಲ.

ಸಾಮಾನ್ಯ ವಸ್ತುವಾದರೆ ಗ್ರಾಹಕ ಕಾಯಬಲ್ಲ. ಗಣಿಗಾರಿಕೆಯ ಯಂತ್ರ ಕಾಯುವಂಥದ್ದಲ್ಲ. ಪ್ರತಿ 2,016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಒಗಟಿನ ಕಾಠಿಣ್ಯ ಮರುಹೊಂದಾಣಿಕೆಯಾಗುತ್ತದೆ. ಜಗತ್ತಿನಲ್ಲಿ ಯಂತ್ರಗಳು ಹೆಚ್ಚಿದಂತೆ ಒಂದು ಯಂತ್ರದ ಪಾಲು ಕುಗ್ಗುತ್ತದೆ. ದುರಸ್ತಿಗೆ ಹೋದ ಫಲಕ ಎರಡು ತಿಂಗಳ ಬಳಿಕ ಹಿಂದಿರುಗಿದರೆ ಅದೇ ವೇಗದಲ್ಲಿ ದುಡಿದರೂ ಮೊದಲಿನಷ್ಟು ಸಂಪಾದಿಸುವ ಭರವಸೆಯಿಲ್ಲ. ಕಳೆದುಹೋದ ದಿನಗಳ ಆದಾಯವನ್ನಂತೂ ಯಾವ ಖಾತರಿ ಪತ್ರವೂ ಕಟ್ಟಿಕೊಡುವುದಿಲ್ಲ. ಖಾತರಿ ಎಂಬುದು ಇಲ್ಲಿ ಚಿಪ್‌ನ ಬೆಲೆಗೆ ಮಾತ್ರ ರಕ್ಷಣೆ. ಕಾಲದ ಬೆಲೆ ಸಂಪೂರ್ಣವಾಗಿ ಗ್ರಾಹಕನ ಲೆಕ್ಕಕ್ಕೆ.

ಗ್ರಾಹಕ ಬೇರೆ ಅಂಗಡಿಗೆ ಹೋಗಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಅಂಗಡಿಗಳಿರುವುದೇ ಬೆರಳೆಣಿಕೆಯಷ್ಟು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಈ ಮಾರುಕಟ್ಟೆಯ ಶೇ 82ರಷ್ಟು ಪಾಲು ಬಿಟ್‌ಮೈನ್ ಒಂದರದೇ ಆಗಿದೆ. ಮೈಕ್ರೊಬಿಟಿ ಮತ್ತು ಕೆನಾನ್ ಸಂಸ್ಥೆಗಳನ್ನು ಸೇರಿಸಿದರೆ ಮೂರರ ಪಾಲು ಶೇ 99ನ್ನು ಮೀರುತ್ತದೆ. ಯಾರ ಹಿಡಿತಕ್ಕೂ ಸಿಗದ ಹಣ ಎಂಬ ಘೋಷಣೆಯೊಂದಿಗೆ ಹುಟ್ಟಿದ ಬಿಟ್‌ಕಾಯಿನ್, ಅದನ್ನು ಹುಟ್ಟಿಸುವ ಯಂತ್ರಗಳ ಮಟ್ಟಿಗೆ ಮೂರು ಕಂಪನಿಗಳ ಹಿಡಿತದಲ್ಲಿದೆ. ಖಾತರಿಯ ಷರತ್ತುಗಳನ್ನು ಬರೆಯುವವರು ಅವರೇ. ಒಪ್ಪುವುದಷ್ಟೇ ಉಳಿದವರ ಪಾಲಿನ ಆಯ್ಕೆ. ‘ಎಸ್ 19’ ಪೀಳಿಗೆಯಲ್ಲಿ ಖಾತರಿ ಒಂದು ವರ್ಷಕ್ಕೆ ಏರಿದ್ದು ಸುಧಾರಣೆಯೇ ಸರಿ. ಆದರೂ ಹೊರಗಿನ ತಂತ್ರಾಂಶ ಬಳಸಿದರೆ, ವೇಗ ಹೆಚ್ಚಿಸಿದರೆ, ತೇವದಿಂದ ತುಕ್ಕು ಹಿಡಿದರೆ ಖಾತರಿ ಅನ್ವಯಿಸದು ಎಂಬ ಷರತ್ತುಗಳು ಜೊತೆಗೇ ಬರುತ್ತವೆ.

ದೊಡ್ಡವರು, ಚಿಕ್ಕವರು

ದೋಷದ ಹೊರೆ ಎಲ್ಲರ ಮೇಲೂ ಒಂದೇ ಸಮನೆ ಬೀಳುವುದಿಲ್ಲ. ಟೆಕ್ಸಾಸ್‌ನಲ್ಲಿ ಸಾವಿರಾರು ಯಂತ್ರಗಳನ್ನು ನಡೆಸುವ ಸಂಸ್ಥೆ ತನ್ನದೇ ದುರಸ್ತಿ ವಿಭಾಗವನ್ನು ಇಟ್ಟುಕೊಳ್ಳಬಲ್ಲದು. ಬಿಡಿ ಫಲಕಗಳನ್ನು ಸಂಗ್ರಹಿಸಿಡಬಲ್ಲದು. ಕೆಟ್ಟ ಮೂರು ಯಂತ್ರಗಳ ಒಳ್ಳೆಯ ಫಲಕಗಳನ್ನು ಕೂಡಿಸಿ ಎರಡು ಯಂತ್ರಗಳನ್ನು ನಿಲ್ಲಿಸಬಲ್ಲದು. ನೂರರಲ್ಲಿ ಐದು ಕೆಟ್ಟರೆ ಅದು ಆ ಸಂಸ್ಥೆಯ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು. ಉಳಿತಾಯದ ಹಣ ಹಾಕಿ ಒಂದೋ ಎರಡೋ ಹಳೆಯ ಯಂತ್ರಗಳನ್ನು ಕೊಂಡ ವ್ಯಕ್ತಿಗೆ ಒಂದು ಫಲಕ ಕೆಟ್ಟರೆ ಅದು ಬಂಡವಾಳದ ಪ್ರಶ್ನೆ.

ಹಳೆಯ ಯಂತ್ರಗಳ ಮಾರುಕಟ್ಟೆ ಈ ವ್ಯತ್ಯಾಸವನ್ನು ಇನ್ನಷ್ಟು ಹಿಗ್ಗಿಸಿದೆ. 2021ರ ಮೇ ತಿಂಗಳಿನಿಂದ ಚೀನಾ ಗಣಿಗಾರಿಕೆಯ ಮೇಲೆ ಹರಿಹಾಯ್ದಾಗ ಅಲ್ಲಿದ್ದ ಅಪಾರ ಸಂಖ್ಯೆಯ ಯಂತ್ರಗಳು ಕಜಕಸ್ತಾನ, ರಷ್ಯಾ, ಅಮೆರಿಕಗಳತ್ತ ಹರಿದವು. ವರ್ಷಗಟ್ಟಲೆ ದೂಳು ಮತ್ತು ಶಾಖದಲ್ಲಿ ದುಡಿದು, ಸಾವಿರಾರು ಮೈಲಿ ಅಲುಗಾಡುತ್ತಾ ಸಾಗಿದ ಫಲಕಗಳ ಬೆಸುಗೆ ಎಷ್ಟು ಭದ್ರ ಎಂಬುದನ್ನು ಕೊಳ್ಳುವವನು ಹೊರಗಿನಿಂದ ನೋಡಿ ತಿಳಿಯಲಾರ. ದುರಸ್ತಿಯಾದ ಫಲಕಕ್ಕೂ ದುರಸ್ತಿಯಾಗದ ಫಲಕಕ್ಕೂ ಹೊರನೋಟದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ದೊಡ್ಡವರು ಕಳಚಿಕೊಂಡ ಅಪಾಯವನ್ನು ಚಿಕ್ಕವರು ರಿಯಾಯಿತಿ ದರದಲ್ಲಿ ಕೊಂಡಂತೆ ಇದು.

ದುರಸ್ತಿ ಮಾಡಿಸಬೇಕೇ ಬಿಡಬೇಕೇ ಎಂಬುದಕ್ಕೂ ಒಂದು ಕಾಲಮಿತಿ ಇದೆ. 2016ರ ‘ಎಸ್ 9’ ಒಂದು ನಿಗದಿತ ಪ್ರಮಾಣದ ಲೆಕ್ಕಕ್ಕೆ ಬಳಸುತ್ತಿದ್ದ ವಿದ್ಯುತ್ತಿನ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ‘ಎಸ್ 19 ಪ್ರೊ’ ಅದೇ ಕೆಲಸ ಮಾಡುತ್ತದೆ. ಹಾಗಿರುವಾಗ ಹಳೆಯದರ ಚಿಪ್ ಬದಲಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರವೆಂಬಂತೆಯೇ. 2018ರ ಕೊನೆಯಲ್ಲಿ ಬಿಟ್‌ಕಾಯಿನ್ ಬೆಲೆ ಕುಸಿದಾಗ ಚೀನಾದಲ್ಲಿ ಹಳೆಯ ಯಂತ್ರಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಮಾರಾಟವಾದ ವರದಿಗಳಿದ್ದವು. ಅಲೆಕ್ಸ್ ಡಿ ವ್ರೀಸ್ ಮತ್ತು ಕ್ರಿಸ್ಟಿಯನ್ ಸ್ಟೋಲ್ ಎಂಬ ಸಂಶೋಧಕರು 2021ರಲ್ಲಿ ಇಂತಹ ಯಂತ್ರದ ಸರಾಸರಿ ಬಾಳಿಕೆ 1.29 ವರ್ಷ ಮಾತ್ರವೆಂದೂ ಇದರಿಂದ ವರ್ಷಕ್ಕೆ 30,700 ಟನ್ ಇ-ತ್ಯಾಜ್ಯ ಹುಟ್ಟುತ್ತದೆಂದೂ ಅಂದಾಜಿಸಿದರು. ಕೇಂಬ್ರಿಡ್ಜ್‌ನ 2025ರ ಸಮೀಕ್ಷೆ ಬೇರೆಯದೇ ಚಿತ್ರ ಕೊಡುತ್ತದೆ. ಗಣಿಗಾರರು ಕೈಬಿಟ್ಟ ಯಂತ್ರಗಳಲ್ಲಿ ಶೇ 87ರಷ್ಟು ಮರುಮಾರಾಟ, ಮರುಬಳಕೆ ಅಥವಾ ಸಂಸ್ಕರಣೆಗೆ ಹೋಗುತ್ತವೆ ಎಂಬುದು ಅದರ ಲೆಕ್ಕ. ಈ ಎರಡು ಅಂದಾಜುಗಳ ನಡುವಿನ ಅಂತರ ಅಗಾಧವಾದದ್ದು. ಒಂದು ಅಂಶವನ್ನು ಮಾತ್ರ ಎರಡರಿಂದಲೂ ಗ್ರಹಿಸಬಹುದು: ಯಂತ್ರ ಎಷ್ಟು ಬೇಗ ಗುಜರಿಯಾಗುತ್ತದೆ ಎಂಬುದನ್ನು ನಿರ್ಧರಿಸುವುದರಲ್ಲಿ ಮರುಮಾರಾಟ ಮತ್ತು ದುರಸ್ತಿಯ ಪಾತ್ರ ಸಣ್ಣದಲ್ಲ.

ಭಾರತದ ಲೆಕ್ಕ

ಭಾರತದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾದದ್ದು. ‘ಎಸ್ 19 ಪ್ರೊ’ ಯಂತ್ರ ದಿನವಿಡೀ ಓಡಿದರೆ 78 ಯುನಿಟ್ ವಿದ್ಯುತ್ ಬೇಕು. ಯುನಿಟ್‌ಗೆ 8 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 624 ರೂಪಾಯಿ. 2025ರ ಬಹುಪಾಲು ಅವಧಿಯಲ್ಲಿ ಅದೇ ಯಂತ್ರದ ದಿನದ ಗಳಿಕೆ ಸರಿಸುಮಾರು ನಾಲ್ಕೂವರೆಯಿಂದ ಆರೂವರೆ ಡಾಲರ್, ಅಂದರೆ 380ರಿಂದ 570 ರೂಪಾಯಿಗಳ ನಡುವೆ ಇತ್ತು. ಮೂರು ಫಲಕಗಳೂ ಆರೋಗ್ಯವಾಗಿದ್ದಾಗಲೇ ನಷ್ಟ. ಒಂದು ಫಲಕ ನಿಂತರೆ ಗಳಿಕೆ ಮೂರನೇ ಎರಡು ಪಾಲಿಗೆ ಇಳಿಯುತ್ತದೆ. ವಿದ್ಯುತ್ ವೆಚ್ಚವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಯಂತ್ರಕ್ಕೆ ಹೂಡಿದ ಹಣ, ಜಾಗದ ಬಾಡಿಗೆ, ನೋಡಿಕೊಳ್ಳುವವರ ಸಂಬಳ ಇಳಿಯುವುದಿಲ್ಲ.

ಇದರ ಮೇಲೆ ತೆರಿಗೆಯ ಪ್ರಶ್ನೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಆಸ್ತಿಗಳ ವರ್ಗಾವಣೆಯಿಂದ ಬರುವ ಲಾಭಕ್ಕೆ ಶೇ 30ರ ತೆರಿಗೆ ಜಾರಿಗೆ ಬಂತು. ಖರೀದಿಯ ವೆಚ್ಚವನ್ನು ಬಿಟ್ಟರೆ ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಗಣಿಗಾರಿಕೆಯ ಮೂಲಸೌಕರ್ಯಕ್ಕೆ ತಗಲುವ ವೆಚ್ಚವನ್ನು ಖರೀದಿ ವೆಚ್ಚವೆಂದು ಪರಿಗಣಿಸಲಾಗದು ಎಂದು ಕೇಂದ್ರ ಹಣಕಾಸು ಸಚಿವಾಲಯ 2022ರ ಮಾರ್ಚ್‌ನಲ್ಲಿ ಸಂಸತ್ತಿಗೆ ಸ್ಪಷ್ಟಪಡಿಸಿತ್ತು. ಬೇರೆ ಉದ್ಯಮಿಗೆ ಯಂತ್ರದ ಸವಕಳಿ, ದುರಸ್ತಿಯ ಬಿಲ್ಲು ತೆರಿಗೆಯಲ್ಲಿ ಒಂದಿಷ್ಟು ಉಸಿರಾಡಲು ಅವಕಾಶ ಕೊಡುತ್ತವೆ. ಇಲ್ಲಿ ಆ ಕಿಂಡಿಯೂ ಮುಚ್ಚಿದೆ. ಹಳೆಯ ಯಂತ್ರಗಳನ್ನು ಕೊಂಡು ಮನೆಯ ಮೂಲೆಯಲ್ಲಿಟ್ಟು ಹಣ ದುಡಿಯಬಹುದೆಂಬ ಆಮಿಷಕ್ಕೆ ಒಳಗಾಗುವ ಮುನ್ನ ನಗರದ ಮಧ್ಯಮ ವರ್ಗದವರು ಈ ಗಣಿತವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಕ್ಷೇಮ.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಅಂತರ್ಜಾಲ ತಾಣವೊಂದನ್ನು ತೆರೆದಾಗ ಕೃಷಿ ಯಂತ್ರೋಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನ, ಗೃಹೋಪಯೋಗಿ ವಸ್ತು ಹಾಗೂ ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಿತು. ಟ್ರ್ಯಾಕ್ಟರ್ ಕೊಂಡ ರೈತನೂ ಗಣಿಗಾರಿಕೆಯ ಯಂತ್ರ ಕೊಂಡ ಹೂಡಿಕೆದಾರನೂ ಎದುರಿಸುವ ಪ್ರಶ್ನೆ ಮೂಲತಃ ಒಂದೇ. ಬಿಡಿಭಾಗ ಸಿಗುತ್ತದೆಯೇ? ಹೊರಗಿನವರು ಮುಟ್ಟಿದರೆ ಖಾತರಿ ಹೋಗುತ್ತದೆಯೇ? ಒಂದು ಸಣ್ಣ ಭಾಗಕ್ಕಾಗಿ ಇಡೀ ಜೋಡಣೆಯನ್ನೇ ಕೊಳ್ಳಬೇಕೇ?

ಮುಂದೇನು?

ಪ್ರೊಟೊ ರಿಗ್ ತನ್ನ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳುತ್ತದೆ ಎಂಬುದು ಹತ್ತು ವರ್ಷದ ಬಳಿಕವಷ್ಟೇ ತಿಳಿದೀತು. ಫಲಕವನ್ನು ಸುಲಭವಾಗಿ ಬದಲಿಸಬಹುದೆಂಬ ಮಾತಿಗೂ ಚಿಪ್ಪನ್ನು ಸುಲಭವಾಗಿ ಬದಲಿಸಬಹುದೆಂಬ ಮಾತಿಗೂ ವ್ಯತ್ಯಾಸವಿದೆ. ಕಳಚಿದ ಫಲಕ ದುರಸ್ತಿಯ ಮೇಜಿಗೆ ಹೋಗುತ್ತದೆಯೇ ಗುಜರಿಗೆ ಹೋಗುತ್ತದೆಯೇ ಎಂಬುದನ್ನು ಬಿಡಿ ಚಿಪ್‌ನ ಲಭ್ಯತೆಯೇ ತೀರ್ಮಾನಿಸುತ್ತದೆ. ಅಷ್ಟಾದರೂ ಶೇ 99ರಷ್ಟನ್ನು ಮೂವರೇ ಆಳುತ್ತಿರುವ ಮಾರುಕಟ್ಟೆಗೆ ನಾಲ್ಕನೆಯವನೊಬ್ಬ ದುರಸ್ತಿಯನ್ನೇ ಬಂಡವಾಳ ಮಾಡಿಕೊಂಡು ಬಂದಿರುವುದು ಸ್ವಾಗತಾರ್ಹ. ಸ್ಪರ್ಧೆಯ ಭಯ ಹುಟ್ಟಿದಾಗ ಖಾತರಿಯ ಅವಧಿಗಳು ತಾವಾಗಿ ಉದ್ದವಾಗುತ್ತವೆ.

ಭಾರತ 2021ರಿಂದೀಚೆಗೆ ಸೆಮಿಕಂಡಕ್ಟರ್ ತಯಾರಿಕೆಗೆ ಸಾವಿರಾರು ಕೋಟಿ ರೂಪಾಯಿಗಳನ್ನು ಮೀಸಲಿಟ್ಟಿದೆ. ಚಿಪ್ ವಿನ್ಯಾಸದಲ್ಲಿ ಬೆಂಗಳೂರಿಗೆ ದಶಕಗಳ ಅನುಭವವಿದೆ. ಬಿಟ್‌ಕಾಯಿನ್ ಬಗ್ಗೆ ಯಾರ ನಿಲುವು ಏನೇ ಇರಲಿ, ಅದರ ಯಂತ್ರಗಳ ಅನುಭವ ಈ ಪ್ರಯತ್ನಗಳಿಗೂ ಸಲ್ಲುವಂಥದ್ದು. ಚಿಪ್ ಎಷ್ಟು ಸೂಕ್ಷ್ಮ, ಎಷ್ಟು ವೇಗ ಎಂದು ಅಳೆಯುವವರು, ಅದು ಕೆಟ್ಟಾಗ ಎಷ್ಟು ಮಂದಿ ದುಡಿಮೆ ನಿಲ್ಲಿಸಬೇಕಾಗುತ್ತದೆ ಎಂಬುದನ್ನೂ ವಿನ್ಯಾಸದ ಹಂತದಲ್ಲೇ ಅಳೆಯಬೇಕು. ದೋಷರಹಿತ ಚಿಪ್ಪನ್ನು ಯಾರೂ ಮಾಡಲಾರರು. ಆದರೆ ಒಂದರ ದೋಷಕ್ಕೆ 113ನ್ನು ಶಿಕ್ಷಿಸುವ ಜೋಡಣೆ ವಿಧಿಲಿಖಿತವಲ್ಲ. ಬೆಲೆ ಇಳಿಸಲು ಮನುಷ್ಯರೇ ಮಾಡಿಕೊಂಡ ಆಯ್ಕೆ. ಆ ಆಯ್ಕೆಯಿಂದ ಉಳಿದ ಹಣ ಯಾರಿಗೆ ಸೇರಿತೋ, ದೋಷದ ಹೊಣೆಯಲ್ಲೂ ಅವರಿಗೊಂದು ಪಾಲು ಇರಬೇಕೆನ್ನುವುದು ಅತಿಯಾದ ಬೇಡಿಕೆ ಎನಿಸದು.